ಮೇಸ್ತ್ರಿ ಜಾಯಿಂಟ್ ತುಂಬುವುದಿಲ್ಲ

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು ಗದ್ದೆಯ ಕೆಸರನ್ನು ಕಂಡಿದ್ದರೇ ಹೊರತು ಸಿಮೆಂಟು ಮುಟ್ಟಿದವರಲ್ಲ. ಶಿವನಿಯ ಟೈಲ್ಸ್ ಮೇಸ್ತ್ರಿ ಪರಮೇಶನ ಹೆಂಡತಿ ಭುವನಾ ಹದಿಮೂರು ವರ್ಷ ಗಂಡನ ಹಿಂದೆ ಕೂತು ಟೈಲ್ಸ್ ನಡುವಿನ ಸಂದು ತುಂಬಿದವಳು. ಅವಳ ಕೈ ಮೊದಮೊದಲು ಒರಟಾಯಿತು, ಆಮೇಲೆ ಒಡೆಯಿತು, ಈಗ ಎರಡು ವರ್ಷದಿಂದ ಬೆರಳ ಸಂದಿಯಲ್ಲಿ ನೀರಾಡುತ್ತಿತ್ತು. ಬಾಯಿಗೆ ಬಂದ ಮೊಸರಿನ ಲೆಕ್ಕ ಕೇಳಿದರೆ ಅವಳು ನಗುತ್ತಿದ್ದಳು, ಅಷ್ಟೇ.

ಆ ಮನೆಯ ಕಸುಬಿಗೊಂದು ಕಟ್ಟಳೆಯಿತ್ತು. ನೆಲ ಹಾಸುವುದು ಮೇಸ್ತ್ರಿಯ ಕೆಲಸ, ಸಂದು ತುಂಬುವುದು ಹೆಂಗಸರ ಕೆಲಸ. ಸಂದು ಎಂದು ಈಗ ಯಾರೂ ಅನ್ನುವುದಿಲ್ಲ, ಜಾಯಿಂಟ್ ಎನ್ನುತ್ತಾರೆ. ಪರಮೇಶನ ಅಪ್ಪ ಈರಪ್ಪ ಗಾರೆ ಕೆಲಸದ ಕಾಲದವನು. ಕಡಪ ಕಲ್ಲು ಹಾಸಿ ಎದ್ದು ಬೀಡಿ ಹಚ್ಚಿದನೆಂದರೆ ಅವನ ಪಾಲಿನದು ಮುಗಿಯಿತು. ಹೆಂಡತಿ ದ್ಯಾಮಮ್ಮ ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ಬರಿಗೈಯಲ್ಲಿ ಜಾಯಿಂಟ್ ತುಂಬುತ್ತಿದ್ದಳು. ಮೇಸ್ತ್ರಿಯಾದವನು ಜಾಯಿಂಟ್‌ಗೆ ಕೈ ಹಾಕಿದರೆ ಅವನ ಕೈಕೆಳಗೆ ಆಳಿಲ್ಲ ಎಂದು ಜನ ತಿಳಿಯುತ್ತಾರೆ, ಮುಂದಿನ ಸಲ ಅರ್ಧ ದರಕ್ಕೆ ಕರೆಯುತ್ತಾರೆ ಎಂದು ಈರಪ್ಪ ಮಗನಿಗೆ ಕರಣೆ ಕೊಟ್ಟ ದಿನವೇ ಹೇಳಿಕೊಟ್ಟಿದ್ದ. ಪರಮೇಶ ಅಪ್ಪನ ಬೇರೆ ಎಷ್ಟೋ ಮಾತನ್ನು ಮರೆತಿದ್ದ, ಇದನ್ನು ಮರೆತಿರಲಿಲ್ಲ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಇಡೀ ಮನೆ ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಾಗಿ ನಿಲ್ಲಬೇಕಾಯಿತು. ಅಕ್ಕಿ ಬೇಕಾದರೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ದ್ಯಾಮಮ್ಮ ಒತ್ತಿದಳು, ಗುರುತು ಬೀಳಲಿಲ್ಲ. ಈರಪ್ಪನದು ಸುಣ್ಣ ತಿಂದ ಬೆರಳು, ಅದನ್ನು ಯಂತ್ರ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಪರಮೇಶ ಹೆಬ್ಬೆಟ್ಟನ್ನು ತಲೆಗೂದಲಿಗೆ ತಿಕ್ಕಿ ಎಣ್ಣೆ ಹತ್ತಿಸಿಕೊಂಡು ಒತ್ತಿ ನೋಡಿದ. ಭುವನಾ ಹತ್ತೂ ಬೆರಳನ್ನು ಸರದಿಯಂತೆ ಇಟ್ಟಳು. ಅಂಗಡಿಯ ಹಾಲೇಶ ಗಾಜು ಒರೆಸಿ ಒರೆಸಿ ಸೋತು, ನಿಮ್ಮನೇಲಿ ಯಾರಿಗಾದ್ರೂ ಬೆರಳು ಅಂತ ಇದೆಯೇನ್ರಪ್ಪಾ ಎಂದ. ಕೊನೆಗೆ ಅಜ್ಜಂಪುರದ ಕಾಲೇಜಿಗೆ ಹೊರಟು ಬಸ್‌ಸ್ಟಾಪಿನಲ್ಲಿ ನಿಂತಿದ್ದ ಮಗಳು ಮಧುಶ್ರೀಯನ್ನು ಕೂಗಿ ಕರೆಸಿದರು. ಅವಳು ಬೆರಳಿಟ್ಟದ್ದೇ ತಡ, ಯಂತ್ರ ಅಕ್ಕಿ ಕೊಡಲು ಒಪ್ಪಿತು.

ಎಲ್ಲರೂ ನಕ್ಕರು. ದ್ಯಾಮಮ್ಮ ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದಳು. ಭುವನಾಳಿಗೆ ನಗು ಬರಲಿಲ್ಲ. ಐದು ಜನರ ಮನೆಯಲ್ಲಿ ಗೆರೆಯಿರುವ ಬೆರಳು ಉಳಿದಿದ್ದು ಒಬ್ಬಳಿಗೆ ಎಂಬುದು ಅವಳ ಎದೆಗೆ ನಾಟಿತು. ಮಗಳು ಸೈನ್ಸ್ ಓದುತ್ತಿದ್ದಳು, ಎರಡನೇ ವರ್ಷದ ಪಿಯುಸಿ. ಆಮೇಲೆ ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಬೇಕೆಂದು ತಾಯಿ ಮಗಳು ಬಚ್ಚಲ ಒಲೆಯ ಮುಂದೆ ಕೂತು ಮಾತಾಡಿಕೊಂಡಿದ್ದರು. ಬೇರೇನಾದರೂ ಆಗಲಿ, ಈ ಹುಡುಗಿ ಜಾಯಿಂಟ್‌ಗೆ ಕೂರಕೂಡದು ಎಂದು ಭುವನಾ ಅವತ್ತು ಅಕ್ಕಿ ಚೀಲ ಹೊತ್ತುಕೊಂಡು ಬರುವಾಗ ನಿಶ್ಚಯ ಮಾಡಿದಳು.

ನಿಶ್ಚಯ ಮಾಡಿದ ಹತ್ತು ದಿನಕ್ಕೇ ಅವಳ ಬಲಗೈ ಊದಿಕೊಂಡಿತು. ಅಜ್ಜಂಪುರದ ಡಾಕ್ಟರು ಕೈ ನೋಡಿ, ಮುಲಾಮು ಬರೆದು, ಮೂರು ತಿಂಗಳು ಸಿಮೆಂಟು ಮುಟ್ಟಿದರೆ ನನ್ನ ಹತ್ತಿರ ಬರಲೇಬೇಡಿ ಎಂದು ಗದರಿದರು. ಅವತ್ತು ಊಟಕ್ಕೆ ಮುದ್ದೆ ಕೂಡಿಸಲೂ ಅವಳಿಗಾಗಲಿಲ್ಲ. ದ್ಯಾಮಮ್ಮ ಗೊಣಗುತ್ತಲೇ ಮುದ್ದೆಕೋಲು ಹಿಡಿದಳು. ಹುರುಳಿಕಾಳಿನ ಸಾರು ಬಡಿಸುತ್ತಾ, ನಾವೂ ಮಾಡಿದೀವಿ ಕಣೇ, ನಮ್ಮ ಕಾಲದಲ್ಲಿ ಮುಲಾಮಿತ್ತಾ, ಹರಳೆಣ್ಣೆ ಸವರಿಕೊಂಡು ಮಲಗ್ತಿದ್ವಿ ಎಂದಳು. ಅವಳ ಮಾತಿನಲ್ಲಿ ಕೇಡಿರಲಿಲ್ಲ. ತಾನು ಪಟ್ಟದ್ದನ್ನು ಯಾರೂ ಕಷ್ಟ ಎಂದು ಕರೆದಿರಲಿಲ್ಲವಲ್ಲ ಎಂಬ ಹೊಟ್ಟೆಯುರಿ ಇತ್ತು.

ಪರಮೇಶ ಮುದ್ದೆ ಮುರಿಯುತ್ತಾ ಒಂದೇ ಮಾತು ಕೇಳಿದ.

"ಹಂಗಾದ್ರೆ ಜಾಯಿಂಟ್ ಯಾರು ತುಂಬ್ತಾರೆ?"

ತರೀಕೆರೆಯಲ್ಲಿ ಕಾಂತರಾಜ್ ಎಂಬ ಮೇಷ್ಟ್ರ ಮನೆ ಅರ್ಧಕ್ಕೆ ನಿಂತಿತ್ತು. ಹೊರಗಿನಿಂದ ಹೆಂಗಸರನ್ನು ಕರೆದರೆ ದಿನಕ್ಕೆ ಐನೂರು ಕೂಲಿ. ಭುವನಾ ಮಾಡಿದರೆ ಅದು ಮನೆಯಲ್ಲೇ ಉಳಿಯುವ ದುಡ್ಡು. ಮಾತು ನಿಧಾನವಾಗಿ ಮಧುಶ್ರೀಯ ಕಡೆ ತಿರುಗುತ್ತಿರುವುದನ್ನು ಭುವನಾ ಕಂಡಳು. ಭಾನುವಾರ ಒಂದು ದಿನ ಬರ್ಲಿ ಬಿಡು ಎಂದು ಈರಪ್ಪ ಬಾಯಿ ತೆಗೆಯುವಷ್ಟರಲ್ಲಿ ಅವಳು ಅಡ್ಡ ಬಂದಳು. ಬರಿಗೈ ತಾಗದ ಹಾಗೆ ತುಂಬುವ ಹತ್ಯಾರವೊಂದು ಕಡೂರಿನ ಅಂಗಡಿಯಲ್ಲಿ ನೇತು ಹಾಕಿರುವುದನ್ನು ಕಂಡಿದ್ದೇನೆ, ಮೇಲೆ ಹಿಡಿ, ಕೆಳಗೆ ಮೆತ್ತನೆಯ ತಳ, ಫ್ಲೋಟ್ ಅನ್ನುತ್ತಾರೆ, ಅದನ್ನು ತಂದು ಕೊಡಿ, ರಬ್ಬರ್ ಗ್ಲೌಸು ಹಾಕಿಕೊಂಡು ನಾನೇ ಮುಗಿಸುತ್ತೇನೆ ಎಂದಳು. ಕೈಗಿಂತ ಒಳ್ಳೇ ಹತ್ಯಾರ ಉಂಟಾ ಎಂದು ಈರಪ್ಪ ನಕ್ಕ. ಪರಮೇಶ, ತಗೊಂಡು ಬಾ, ಅದನ್ನೂ ನೋಡಿಬಿಡಾಣ ಎಂದ.

ಕಡೂರಿನ ಹಾರ್ಡ್‌ವೇರ್ ಅಂಗಡಿಯವನು ಎರಡು ಫ್ಲೋಟ್ ತೆಗೆದಿಟ್ಟ. ಒಂದಕ್ಕೆ ಹಸಿರು ಗಟ್ಟಿ ರಬ್ಬರಿನ ತಳ, ಇನ್ನೊಂದಕ್ಕೆ ದಪ್ಪ ಸ್ಪಾಂಜು. ಮೊದಲನೆಯದು ಮುನ್ನೂರ ಐವತ್ತು, ಎರಡನೆಯದು ನೂರ ಇಪ್ಪತ್ತು. ಭುವನಾ ಎರಡನ್ನೂ ಒತ್ತಿ ನೋಡಿ ಸ್ಪಾಂಜಿನದನ್ನೇ ಆರಿಸಿದಳು. ಮೆತ್ತಗಿದ್ದರೆ ಟೈಲ್ಸ್ ಗೀಚುವುದಿಲ್ಲ, ಕೈಯಂತೆಯೇ ಇದೆ ಎಂಬುದು ಅವಳ ತರ್ಕ. ದುಡ್ಡು ಉಳಿದದ್ದು ಇನ್ನೊಂದು ಸಮಾಧಾನ. ಯಾವುದಕ್ಕೆ ಎಂದು ಅಂಗಡಿಯವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ತರೀಕೆರೆಯಲ್ಲಿ ಎರಡು ದಿನ ಅವಳು ಮೊಣಕಾಲೂರಿ ತುಂಬಿದಳು. ತಳ ಮೆತ್ತಗಿದ್ದದ್ದರಿಂದ ಅದು ಸಂದಿನೊಳಕ್ಕೆ ಇಳಿದು, ಹಾಕಿದ ಗ್ರೌಟನ್ನು, ಎಂದರೆ ಸಂದಿಗೆಂದೇ ಪ್ಯಾಕೆಟ್ಟಿನಲ್ಲಿ ಬರುವ ಸಿಮೆಂಟು ಪುಡಿಯ ಕಲಸನ್ನು, ಅರ್ಧ ಎತ್ತಿಕೊಂಡೇ ಮುಂದಕ್ಕೆ ಸಾಗುತ್ತಿತ್ತು. ಮೇಲಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತಿತ್ತು. ಮುಗಿದ ಮೇಲೆ ಅವಳು ಹದಿಮೂರು ವರ್ಷದಿಂದ ಮಾಡುತ್ತಿದ್ದುದನ್ನೇ ಮಾಡಿದಳು. ಹೆಂಗಸರು ಸೋಮವಾರ ಬೆಳಿಗ್ಗೆ ಮನೆ ತೊಳೆಯುವುದಿಲ್ಲವೇ, ಹಾಗೆ ಎರಡು ಬಕೆಟ್ ನೀರು ಚೆಲ್ಲಿ ಗೋಣಿತಾಟಿನಲ್ಲಿ ಬಳಿದಳು. ನೆಲವೆಂದರೆ ತೊಳೆದೇ ಒಪ್ಪಿಸಬೇಕು ಎಂದು ಅತ್ತೆ ಕಲಿಸಿದ್ದಳು. ಬರಿಗೈಯಲ್ಲಿ ಒತ್ತಿ ತುಂಬಿದ ಜಾಯಿಂಟು ಆ ನೀರನ್ನು ತಡೆದುಕೊಳ್ಳುತ್ತಿತ್ತು. ಈ ಸಲ ತಡೆಯಲಿಲ್ಲ.

ಮೂರನೆಯ ದಿನ ಕಾಂತರಾಜ್ ಮೇಷ್ಟ್ರು ಫೋನು ಮಾಡಿದರು. ಜಾಯಿಂಟೆಲ್ಲಾ ಹುಳು ತಿಂದ ಹಲ್ಲಿನ ಹಾಗಿದೆ, ಕರಿ ಟೈಲ್ಸ್ ಮೇಲೆ ಬಿಳಿ ಮಂಜು ಕೂತಿದೆ, ಬಂದು ನೋಡಿ ಎಂದರು. ಪರಮೇಶ ಬ್ಲೇಡು ಹಿಡಿದು ಒಂದೊಂದೇ ಜಾಯಿಂಟು ಕೆರೆದು ಬಿಡಿಸಿದ. ಭುವನಾ ಗ್ಲೌಸು ಕಿತ್ತೆಸೆದು ಹಳೇ ಪದ್ಧತಿಯಲ್ಲೇ ಮತ್ತೆ ತುಂಬಿದಳು. ಉರಿಗೆ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ದುಡ್ಡು ಹಿಡಿಯಲಿಲ್ಲ, ಆದರೆ ಅವರ ತಮ್ಮನ ಮನೆ ಕೆಲಸ ಕೊಡುತ್ತೇನೆ ಎಂದಿದ್ದವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮನೆಯಲ್ಲಿ ಈರಪ್ಪ ಜಗಲಿಯ ಮೇಲೆ ಕೂತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸೊಸೆಗೆ ಕೇಳಿಸುವಂತೆ ಹೇಳಿದ. ಪರಮೇಶ ಎರಡು ದಿನ ಅವಳ ಕೈಯಿಂದ ನೀರು ಕೂಡ ಇಸಿದುಕೊಳ್ಳದೆ ತಾನೇ ಕೊಡದಿಂದ ಮೊಗೆದು ಕುಡಿದ.

ಗ್ರೌಟಿನ ಖಾಲಿ ಪ್ಯಾಕೆಟ್ಟನ್ನು ಒಲೆಗೆ ಹಾಕಲೆಂದು ಇಟ್ಟಿದ್ದನ್ನು ಮಧುಶ್ರೀ ಎತ್ತಿಕೊಂಡು ಓದಿದಳು. ಅದರ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಹದಿಮೂರು ವರ್ಷದಲ್ಲಿ ಆ ಮನೆಗೆ ಅಂಥ ಸಾವಿರ ಪ್ಯಾಕೆಟ್ಟು ಬಂದಿರಬಹುದು, ಅದರ ಬೆನ್ನನ್ನು ಯಾರೂ ನೋಡಿರಲಿಲ್ಲ.

"ಅಮ್ಮಾ, ತುಂಬೋದಕ್ಕೆ ಗಟ್ಟಿ ರಬ್ಬರು ಅಂತ ಬರ್ದಿದಾನೆ. ಸ್ಪಾಂಜು ಒರ್ಸೋದಕ್ಕೆ. ನೀನು ಒರ್ಸೋದ್ರಲ್ಲಿ ತುಂಬಿದ್ದೀಯ."

"ಮತ್ತೆ ನೀರು?"

"ನೀರು ಚೆಲ್ಲಂಗೇ ಇಲ್ಲ ಕಣಮ್ಮ. ಹಿಂಡಿದ ಸ್ಪಾಂಜಲ್ಲಿ ಒರ್ಸಬೇಕಂತೆ, ಅದೂ ಇಪ್ಪತ್ತು ನಿಮಿಷ ಬಿಟ್ಟು. ಚೆಲ್ಲಿದ್ರೆ ಗ್ರೌಟು ತೊಳ್ದು ಹೋಗುತ್ತೆ."

ಭುವನಾಳಿಗೆ ತಪ್ಪು ತನ್ನದು ಎಂದು ಗೊತ್ತಾದ ನಾಚಿಕೆಗಿಂತ, ತಪ್ಪಿಗೆ ಮದ್ದಿದೆ ಎಂದು ಗೊತ್ತಾದ ಸಂತೋಷ ಹೆಚ್ಚಾಗಿತ್ತು. ಶನಿವಾರ ಸಂತೆಯಲ್ಲಿ ಎರಡು ಹುಂಜ ಮಾರಿ ಬಂದ ದುಡ್ಡಿನಲ್ಲಿ ಕಡೂರಿಗೆ ಹೋಗಿ ಹಸಿರು ತಳದ್ದನ್ನೇ ಕೊಂಡಳು. ಈ ಸಲ ಅಂಗಡಿಯವನಿಗೆ ಯಾವುದಕ್ಕೆಂದು ಹೇಳಿದಳು. ಅವನು ಉಗುರಲ್ಲಿ ಒತ್ತಿ ತೋರಿಸಿ, ಉಗುರು ಇಳಿಯಬಾರದು, ಆದರೆ ಕೊಂಚ ಬಾಗಬೇಕು, ಅಂಚು ಚೂಪಾಗಿರಬೇಕು, ಅಂಚು ಸವೆದರೆ ಬಿಸಾಕಿ ಎಂದ. ಹಿಡಿ ಅವಳ ಕೈಗೆ ದೊಡ್ಡದಾಯಿತೆಂದು ಇನ್ನೊಂದು ಚಿಕ್ಕದನ್ನು ಹುಡುಕಿ ಕೊಟ್ಟ.

ಪರೀಕ್ಷೆ ಮಾಡಿ ನೋಡಲು ತಾಯಿ ಮಗಳು ದೂರ ಹೋಗಬೇಕಿರಲಿಲ್ಲ. ಮೇಸ್ತ್ರಿಯ ಮನೆಯ ಬಚ್ಚಲು ಮೇಸ್ತ್ರಿಯ ಮನೆಯ ಬಚ್ಚಲಿನಂತೆಯೇ ಇತ್ತು. ಊರವರ ಮನೆಯಲ್ಲಿ ಉಳಿದ ಟೈಲ್ಸ್ ತಂದು ಪರಮೇಶ ಆರು ಬಣ್ಣದಲ್ಲಿ ಹಾಸಿದ್ದ, ಐದು ವರ್ಷದಿಂದ ಜಾಯಿಂಟ್ ಬಾಯಿ ತೆರೆದುಕೊಂಡೇ ಇತ್ತು. ಮಧುಶ್ರೀ ಪ್ಯಾಕೆಟ್ಟು ಓದುತ್ತಾ ಹೋದಳು. ಕೆಜಿ ಪುಡಿಗೆ ಒಂದೂವರೆ ಲೋಟ ನೀರು, ಸ್ವಲ್ಪ ಸ್ವಲ್ಪವೇ. ದೋಸೆ ಹಿಟ್ಟಾಗಬಾರದು, ವಡೆ ಹಿಟ್ಟಿನ ಹದ ಎಂದು ಭುವನಾ ಕನ್ನಡಕ್ಕೆ ತಂದುಕೊಂಡಳು. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿದರು. ಫ್ಲೋಟನ್ನು ಓರೆಯಾಗಿ ಹಿಡಿದು, ಸಂದಿನ ಉದ್ದಕ್ಕೆ ಎಳೆಯದೆ ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಒತ್ತಿ ತಳ್ಳಬೇಕು. ತುಂಬಿದ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ ಮೇಲಿನ ಮಿಕ್ಕಿದ್ದನ್ನು ಬಳಿದು ತೆಗೆಯಬೇಕು. ಭುವನಾಳ ಬೆರಳು ಇನ್ನೂ ಮಡಚುತ್ತಿರಲಿಲ್ಲವಾದ್ದರಿಂದ ನಾಲ್ಕು ಸಾಲು ತುಂಬುವಷ್ಟರಲ್ಲಿ ಮಗಳೇ ಗ್ಲೌಸು ಹಾಕಿಕೊಂಡು ಫ್ಲೋಟ್ ಇಸಿದುಕೊಂಡಳು. ಹುಡುಗಿಯ ಕೈ ಚುರುಕು. ಗೋಡೆಯ ಬುಡದಲ್ಲಿ ಫ್ಲೋಟ್ ಹೋಗದ ಕಡೆ ಬೆರಳ ತುದಿಯಿಂದ ತೀಡಿದಳು.

ಸಂಜೆ ಪರಮೇಶ ಕೈಕಾಲು ತೊಳೆಯಲು ಒಳಗೆ ಹೋದವನು ಹೊರಗೆ ಬರಲಿಲ್ಲ. ಉಗುರಿಂದ ಜಾಯಿಂಟು ಕೆರೆದು ನೋಡುತ್ತಿದ್ದ. ಬಂದವನು ಯಾರು ಮಾಡಿದ್ದು ಎಂದು ಕೇಳಿದ. ದ್ಯಾಮಮ್ಮ ಹೆಮ್ಮೆ ತಡೆಯಲಾರದೆ, ಮಧು ಕಣೋ, ಒಂದೇ ಗಂಟೇಲಿ ಎಂದುಬಿಟ್ಟಳು. ಈರಪ್ಪನೂ ಕೋಲೂರಿಕೊಂಡು ಹೋಗಿ ನೋಡಿ, ಪರವಾಗಿಲ್ಲ ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಅವತ್ತು ಅವರೆಕಾಳಿನ ಸಾರಿಗೆ ಎಲ್ಲರೂ ಎರಡೆರಡು ಮುದ್ದೆ ಉಂಡರು. ತಾನು ಗೆದ್ದೆ ಎಂದು ಭುವನಾ ತಿಳಿದುಕೊಂಡಳು, ಪಾಪ.

ಮರುವಾರ ಪರಮೇಶನಿಗೆ ಕಡೂರಿನಲ್ಲಿ ದೊಡ್ಡ ಕೆಲಸ ಸಿಕ್ಕಿತು. ಕೊಬ್ಬರಿ ವ್ಯಾಪಾರದ ಷಣ್ಮುಖಪ್ಪನವರ ಎರಡು ಅಂತಸ್ತಿನ ಹೊಸ ಮನೆ, ಮಾಘದಲ್ಲಿ ಗೃಹಪ್ರವೇಶ. ಭಾನುವಾರ ಬೆಳಿಗ್ಗೆ ಅವನು ಬೈಕಿನ ಹಿಂದೆ ಮಗಳನ್ನು ಕೂರಿಸಿಕೊಳ್ಳುತ್ತಿದ್ದಾಗ ಭುವನಾ ಹಿತ್ತಲಿಂದ ಓಡಿಬಂದಳು.

"ಅವಳನ್ನ ಕರ್ಕೊಂಡು ಹೋಗ್ಬೇಡಿ. ನಾನು ಬತ್ತೀನಿ."

"ಡಾಕ್ಟ್ರು ಮೂರು ತಿಂಗಳು ಅಂದಿಲ್ವಾ?"

"ಅವಳ ಕೈ..."

"ಅವಳ ಕೈಗೇನಾಗುತ್ತೆ? ಈ ಫ್ಲೋಟಲ್ಲಿ ಕೈಗೆ ಏನೂ ಆಗಲ್ಲ ಅಂತ ನೀನೇ ತೋರಿಸ್ಕೊಟ್ಟೆಯಲ್ಲೇ."

ಭುವನಾಳಿಗೆ ತಾನೇ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಇಷ್ಟು ದಿನ ಕೈ ಕೈ ಎಂದು ಜಪ ಮಾಡಿದ್ದಳೇ ಹೊರತು, ಕೈ ಚೆನ್ನಾಗಿದ್ದರೂ ಮಗಳು ಈ ಕೆಲಸಕ್ಕೆ ಬೇಡ ಎಂದು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆಂದರೆ ಅತ್ತೆ ಮಾವನ ಕಸುಬನ್ನು ಕೀಳು ಮಾಡಿದಂತಾಗುತ್ತದೆ ಎಂದು ಅಂಜಿದ್ದಳು.

ಭಾನುವಾರದ ಜೊತೆಗೆ ಶನಿವಾರವೂ ಸೇರಿತು. ಆಮೇಲೆ ಕಾಲೇಜಿನಲ್ಲಿ ಪಾಠ ಮುಗಿದು ಓದಿಕೊಳ್ಳಲು ರಜೆ ಬಿಟ್ಟರು. ರಜೆ ಎಂಬ ಪದವನ್ನು ಪರಮೇಶ ಬೇರೆ ರೀತಿ ಅರ್ಥ ಮಾಡಿಕೊಂಡ. ಮಧುಶ್ರೀ ಸಂಜೆ ಬಂದವಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ತೂಕಡಿಸುತ್ತಿದ್ದಳು. ಮೂಲೆ ತೀಡಿ ತೀಡಿ ಗ್ಲೌಸಿನ ತೋರುಬೆರಳು ತೂತಾಗಿತ್ತು. ಭುವನಾ ಹೊಸ ಜೊತೆ ತರಿಸಿದಳು, ಅದೂ ತೂತಾಯಿತು. ಅತ್ತ ಮುಲಾಮಿಗೋ ಬಿಡುವಿಗೋ ಅವಳ ಸ್ವಂತ ಕೈ ಮಾತ್ರ ದಿನದಿನಕ್ಕೆ ವಾಸಿಯಾಗುತ್ತಾ ಬಂತು. ಬೆರಳ ಸಂದಿಯಲ್ಲಿ ಎಳೇ ಚರ್ಮ ಮೂಡಿತು. ರೊಟ್ಟಿ ತಟ್ಟುವಾಗ ಅದನ್ನು ನೋಡಿದರೆ ಅವಳಿಗೆ ಕದ್ದ ಮಾಲು ನೋಡಿದ ಹಾಗಾಗುತ್ತಿತ್ತು.

ಒಂದು ದಿನ ಮಗಳಿಗೆ ಹೇಳಿಯೂ ನೋಡಿದಳು, ಅಪ್ಪನಿಗೆ ಆಗಲ್ಲ ಅಂತ ಹೇಳು, ನೀನು ಹೇಳಿದರೆ ಕೇಳುತ್ತಾರೆ ಎಂದು. ಹುಡುಗಿ ತಟ್ಟೆಯಲ್ಲಿ ಅನ್ನ ಕಲಸುತ್ತಾ ತಲೆಯೆತ್ತದೆ ಅಂದಳು:

"ನಾನು ಬಿಟ್ರೆ ನೀನು ಹೋಗ್ತೀಯ. ನಿನ್ನ ಕೈ ನೋಡ್ಕೊಂಡು ನಂಗೆ ಅನ್ನ ಇಳಿಯಲ್ಲಮ್ಮ."

ಭುವನಾ ಎದ್ದು ಹಿತ್ತಲಿಗೆ ಹೋಗಿ ಅತ್ತಳು. ತಾಯಿಗಾಗಿ ಮಗಳು ಕೂರುವುದು, ಮಗಳಿಗಾಗಿ ತಾಯಿ ಕೂರುವುದು, ಇದಕ್ಕೆ ಕೊನೆಯೆಲ್ಲಿ? ಅವತ್ತು ರಾತ್ರಿಯ ಊಟಕ್ಕೆ ಮೊದಲ ಸಲ ಅವಳು ಮಾವನ ಎದುರು ದನಿ ಎತ್ತಿದಳು. ಪರೀಕ್ಷೆ ಮುಗಿಯುವವರೆಗೆ ಕೂಲಿಗೆ ಜನ ಕರೆಯಿರಿ ಎಂದಳು. ಗುತ್ತಿಗೆ ಮಾತಾಡುವಾಗ ಆ ದುಡ್ಡು ಸೇರಿಸಿಲ್ಲ ಎಂದು ಪರಮೇಶ ಹೇಳಿದ. ದ್ಯಾಮಮ್ಮ, ಮನೆ ಮಗಳು ಅಪ್ಪನಿಗೆ ನಾಲ್ಕು ದಿನ ಕೈ ನೀಡಿದರೆ ಯಾವ ವಿದ್ಯೆ ಮುಳುಗಿಹೋಗುತ್ತದೆ ಎಂದಳು. ಈರಪ್ಪ ಬೀಡಿಗೆ ಕಡ್ಡಿ ಗೀರಿದ. ಮಾತು ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಬಂದು ನಿಂತಿತು: ಮತ್ತೆ ಜಾಯಿಂಟ್ ಯಾರು ತುಂಬುತ್ತಾರೆ?

ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಧುಶ್ರೀಯ ಗುಂಪಿಗೆ ಮಧ್ಯಾಹ್ನ ಎರಡು ಗಂಟೆಗೆ ಸಮಯ ಕೊಟ್ಟಿದ್ದರು. ಗೃಹಪ್ರವೇಶಕ್ಕೆ ಮೂರೇ ದಿನ ಉಳಿದಿತ್ತು. ಬೆಳಿಗ್ಗೆ ಒಂದು ರೂಮು ಮುಗಿಸಲಿ, ಹನ್ನೊಂದಕ್ಕೆ ನಾನೇ ಅಜ್ಜಂಪುರಕ್ಕೆ ಬಿಟ್ಟು ಬರುತ್ತೇನೆ ಎಂದು ಪರಮೇಶ ಮಗಳನ್ನು ಕರೆದುಕೊಂಡು ಹೋದ. ಅವರು ಹೋದ ಮೇಲೆ ಮಂಚ ಗುಡಿಸುವಾಗ ಭುವನಾಳ ಕಣ್ಣಿಗೆ ದಿಂಬಿನ ಕೆಳಗಿದ್ದ ರೆಕಾರ್ಡ್ ಪುಸ್ತಕ ಬಿತ್ತು. ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮಗಳು ಹತ್ತು ಸಲ ಹೇಳಿದ್ದಳು. ಫೋನು ಮಾಡಿದರೆ ಪರಮೇಶ ಎತ್ತಲಿಲ್ಲ. ಟೈಲ್ಸ್ ಕತ್ತರಿಸುವ ಯಂತ್ರದ ಮುಂದೆ ಅವನಿಗೆ ಏನೂ ಕೇಳಿಸುವುದಿಲ್ಲ. ಪುಸ್ತಕ, ಮಗಳು ಅವಸರದಲ್ಲಿ ಬಿಟ್ಟುಹೋಗಿದ್ದ ಹಾಲ್ ಟಿಕೆಟ್ಟು, ಯೂನಿಫಾರಂ ಎಲ್ಲಾ ಚೀಲಕ್ಕೆ ತುರುಕಿಕೊಂಡು ಅವಳು ಬಸ್ಸು ಹತ್ತಿದಳು. ಅಜ್ಜಂಪುರದಲ್ಲಿ ಇಳಿದು ಇನ್ನೊಂದು, ಬೀರೂರಿನಲ್ಲಿ ಇಳಿದು ಮತ್ತೊಂದು. ಕಡೂರು ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು.

ಮಧುಶ್ರೀ ಪಡಸಾಲೆಯ ನಡುವೆ ಮೊಣಕಾಲೂರಿ ಕೂತಿದ್ದಳು. ಪಕ್ಕದಲ್ಲಿ ಆಗಷ್ಟೇ ಕಲಸಿದ ಗ್ರೌಟಿನ ಬಕೆಟ್ಟು. ಪರಮೇಶ ಗೋಡೆ ಬುಡಕ್ಕೆ ಟೈಲ್ಸಿನ ಪಟ್ಟಿ ಕೂರಿಸುತ್ತಿದ್ದ. ಕಿಟಕಿಯ ಹತ್ತಿರ ಇಬ್ಬರು ಬಡಗಿಗಳು, ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೇಪರು ಹಿಡಿದ ಷಣ್ಮುಖಪ್ಪನವರು. ಹೆಂಡತಿಯನ್ನು ಕಂಡು ಪರಮೇಶ, ಈ ಬಕೆಟ್ ಒಂದು ಮುಗಿದುಬಿಡಲಿ, ಬೈಕಲ್ಲಿ ಮುಕ್ಕಾಲು ಗಂಟೆ ದಾರಿ, ಬಿಟ್ಟು ಬರುತ್ತೇನೆ ಎಂದ. ಬಕೆಟ್ ಮುಗಿಸಿ ನೆಲ ಒರೆಸಲು ಎರಡು ಗಂಟೆ ಬೇಕೆಂದು ಭುವನಾಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

"ಏಳೇ ಮಧು."

ಹುಡುಗಿ ಅಪ್ಪನ ಮುಖ ನೋಡಿದಳು, ಬಕೆಟ್ ನೋಡಿದಳು. "ಕಲಸಿಬಿಟ್ಟಿದೀನಮ್ಮ. ಬಿಟ್ರೆ ಗಟ್ಟಿಯಾಗೋಗುತ್ತೆ."

"ಆಗ್ಲಿ. ಏಳು."

ಮಧುಶ್ರೀ ಮೇಲಿನ ರೂಮಿನಲ್ಲಿ ಬಟ್ಟೆ ಬದಲಾಯಿಸಿ ಬಂದಳು. ಭುವನಾ ಅವಳ ಕೂದಲಲ್ಲಿ ಅಂಟಿದ್ದ ಗ್ರೌಟನ್ನು ಉಗುರಲ್ಲಿ ಬಿಡಿಸಿ, ಬಸ್ಸಿನ ದುಡ್ಡು ಕೊಟ್ಟು, ಗೇಟಿನವರೆಗೆ ಬಿಟ್ಟು ಬಂದಳು. ಹುಡುಗಿ ಎರಡು ಸಲ ತಿರುಗಿ ನೋಡಿ ಸ್ಟ್ಯಾಂಡಿನ ಕಡೆ ಓಡಿದಳು.

ಒಳಗೆ ಬಂದಾಗ ಪರಮೇಶ ಫ್ಲೋಟನ್ನು ಎತ್ತಿ ಹೆಂಡತಿಯ ಕಡೆ ಚಾಚಿದ. ಸಿಟ್ಟು ನುಂಗಿಕೊಂಡು ಮೆಲ್ಲಗೆ, ಸರಿ, ಕೂತ್ಕೋ ಎಂದ. ಭುವನಾ ಇಸಿದುಕೊಳ್ಳಲಿಲ್ಲ. ಗೋಡೆಗೊರಗಿಸಿದ್ದ ಟೈಲ್ಸ್ ಡಬ್ಬದ ಮೇಲೆ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ನಾನು ಕೂರಲ್ಲ. ಅವಳೂ ಇನ್ನು ಬರಲ್ಲ. ಕೈ ಚೆನ್ನಾಗಿದ್ರೂ ಬರಲ್ಲ."

"ಮತ್ಯಾರು ತುಂಬ್ತಾರೆ, ನಿಮ್ಮಪ್ಪನಾ?"

"ನೀವು."

ಪರಮೇಶ ನಕ್ಕ. ನಕ್ಕು, ಯಾರಿಗಾದರೂ ಕೇಳಿಸಿತೇ ಎಂದು ಹಿಂದೆ ತಿರುಗಿ ನೋಡಿದ. ಬಡಗಿಯ ಗರಗಸ ನಿಂತಿತ್ತು. ಅವನು ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ:

"ಮೇಸ್ತ್ರಿ ಕಣೇ ನಾನು."

"ಹೌದು. ನೆಲ ನೀವೇ ಹಾಸಿದ್ದು. ಸಂದು ಬಿಟ್ಟಿರೋದೂ ನೀವೇ."

ಅವನು ಇಲ್ಲಿಯವರೆಗೆ ಕೈ ಎತ್ತಿದವನಲ್ಲ, ಆದರೆ ಇಲ್ಲಿಯವರೆಗೆ ಅವಳೂ ನಾಲ್ಕು ಜನರ ಮುಂದೆ ಹೀಗೆ ಕೂತವಳಲ್ಲ. ಮನೆಗೆ ಹೋದ ಮೇಲೆ ಅತ್ತೆ ಏನನ್ನುತ್ತಾಳೆ, ಮಾವ ಏನನ್ನುತ್ತಾನೆ, ಈ ಗಂಡಸು ಎಷ್ಟು ದಿನ ಮಾತು ಬಿಡುತ್ತಾನೆ ಎಂದೆಲ್ಲಾ ಯೋಚನೆ ಬಂತು. ಬಂದರೂ ಏಳಲಿಲ್ಲ. ಅವನು ಅವಳು ಏಳುವುದನ್ನು ಕಾದ. ಪಟ್ಟಿಗೆ ಅಳತೆ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಬಕೆಟ್ಟಿನೊಳಗೆ ಗ್ರೌಟು ಮಂಕಾಗುತ್ತಾ, ಅಂಚಿನಿಂದ ಬಿರಿಯುತ್ತಾ ಬಂದು ಕಡೆಗೆ ಕಲ್ಲಾಯಿತು. ಮಗಳ ಬಸ್ಸು ಇಷ್ಟು ಹೊತ್ತಿಗೆ ಅಜ್ಜಂಪುರ ಮುಟ್ಟಿರುತ್ತದೆ ಎಂದು ಭುವನಾ ಲೆಕ್ಕ ಹಾಕಿದಳು.

ಷಣ್ಮುಖಪ್ಪನವರು ಪೇಪರು ಮಡಚಿದರು. ಮೇಸ್ತ್ರಿ, ಶುಕ್ರವಾರ ಸ್ವಾಮಿಗಳು ಪಾದ ಇಡೋ ಮನೆ ಇದು, ಯಾರಾದ್ರೂ ಒಬ್ರು ಕೂತ್ಕೊಳ್ರಪ್ಪ, ಯಾರು ಕೂತ್ರೆ ನಮಗೇನು ಎಂದರು. ಬಡಗಿಗಳು ಆಗಲೇ ತಮ್ಮ ಕೆಲಸಕ್ಕೆ ತಿರುಗಿಕೊಂಡಿದ್ದರು. ಯಾರು ನೋಡುತ್ತಾರೆ ಎಂದು ಪರಮೇಶ ಇಪ್ಪತ್ತು ವರ್ಷ ಅಂಜಿದ್ದನೋ ಅವರ್ಯಾರೂ ನೋಡುತ್ತಿರಲಿಲ್ಲ.

ಅವನು ಬಕೆಟ್ ಎತ್ತಿಕೊಂಡು ಹೊರಗೆ ಹೋದ. ಬೈಕ್ ಸದ್ದಿಗಾಗಿ ಭುವನಾ ಕಿವಿಗೊಟ್ಟಳು. ಕೇಳಿಸಿದ್ದು ಕಲ್ಲಿಗೆ ಬಕೆಟ್ ಕುಕ್ಕುವ ಸದ್ದು, ಆಮೇಲೆ ನಲ್ಲಿಯ ಸದ್ದು. ತಿರುಗಿ ಬಂದವನು ಬಡಗಿಗಳಿಗೆ ಬೆನ್ನು ಮಾಡಿ ಗೋಡೆಯ ಕಡೆ ಮುಖವಾಗಿ ಕೂತ. ಕೆಜಿಯ ಹೊಸ ಪ್ಯಾಕೆಟ್ಟು ಹರಿದು ಪುಡಿ ಸುರಿದ. ಲೋಟದಲ್ಲಿ ನೀರು ತುಂಬಿಕೊಂಡವನ ಕೈ ಅಲ್ಲಿಗೇ ನಿಂತಿತು. ಇಪ್ಪತ್ತು ವರ್ಷದ ಮೇಸ್ತ್ರಿಗೆ ಮುಂದಿನದು ಗೊತ್ತಿರಲಿಲ್ಲ.

"ಎಷ್ಟು ನೀರು ಹಾಕ್ತಾರೆ?" ಎಂದು ಗೋಡೆಯನ್ನೇ ಕೇಳಿದ.

"ಒಂದೂವರೆ ಲೋಟ. ಒಂದೇ ಸಲಕ್ಕೆ ಸುರೀಬೇಡಿ."

ಪರಮೇಶ ಒಂದೇ ಸಲಕ್ಕೆ ಸುರಿದ. ಒಂದೂವರೆಗೆ ನಿಲ್ಲಿಸದೆ ಎರಡು ಲೋಟ ಸುರಿದ. ಕಲಸಿದರೆ ಅದು ಗಂಜಿಯ ಹಾಗಾಯಿತು. ಅವನು ತಿರುಗಿ ಅವಳ ಕೈಗಳನ್ನು ನೋಡಿದ.

ಭುವನಾ ಕೈಗಳನ್ನು ಮಡಿಲಿಂದ ಎತ್ತಲಿಲ್ಲ. "ಚೆಲ್ಲಿ. ಇನ್ನೊಂದು ಪ್ಯಾಕೆಟ್ ಒಡೀರಿ" ಎಂದಳು.